ಗಾಜು ಬೆಳ್ಳಗಿರಲಿ, ಬೆಳಕು ಕಿತ್ತಳೆಯೇ ಇರಲಿ

ಹಳೇ ಕಾರಿಗೆ ಹೊಸ ಲುಕ್ ಬೇಕು ಅಂದ್ರೆ ನಮ್ಮಂಥವರು ಮೊದಲು ಕೈ ಹಾಕೋದು ಲೈಟಿಗೆ. ಪೇಂಟ್ ಮಾಡಿಸೋದು ದುಬಾರಿ, ಅಲಾಯ್ ವೀಲ್ ಇನ್ನೂ ದುಬಾರಿ. ಆದರೆ ಮುಂದಿನ ಕಿತ್ತಳೆ ಬಣ್ಣದ ಇಂಡಿಕೇಟರ್ ಗಾಜು ತೆಗೆದು ಬಿಳಿ ಗಾಜು ಕೂರಿಸಿದರೆ ಸಾಕು, ಕಾರಿನ ಮುಖವೇ ಬದಲಾಗುತ್ತೆ. ಇದನ್ನೇ ಕ್ಲಿಯರ್ ಲುಕ್ ಅಂತಾರೆ. ಮನೆ ಮುಂದೆ ನಿಲ್ಲಿಸಿಕೊಂಡು, ಒಂದು ಸ್ಕ್ರೂಡ್ರೈವರ್ ಹಿಡಿದು, ಒಂದು ಭಾನುವಾರದಲ್ಲಿ ಮುಗಿಸಬಹುದಾದ ಕೆಲಸ.

ಮೈಸೂರಿನ ರಾಜೀವನಗರದಲ್ಲಿರುವ ನಮ್ಮ ಗೆಳೆಯನ ಮನೆಯಲ್ಲಿ ಒಂದು ಹಳೇ ಮಾರುತಿ 800 ಇದೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಬಂದು, 2014ರ ಜನವರಿವರೆಗೆ ತಯಾರಾದ ಕಾರು ಅದು. ನಮ್ಮಲ್ಲಿ ಎಷ್ಟೋ ಜನರ ಮನೆಯ ಮೊದಲ ಕಾರೂ ಅದೇ. ಆ ಕಾರಿಗೆ ಕ್ಲಿಯರ್ ಲುಕ್ ಕೊಡೋಣ ಅಂತ ನಾವು ನಾಲ್ಕು ಜನ ಹೊರಟಾಗ ಗೆಳೆಯನ ಅಬ್ಬಾ ಒಂದೇ ಪ್ರಶ್ನೆ ಕೇಳಿದರು: "ನೋಡೋಕೆ ಚೆನ್ನಾಗಿರುತ್ತೆ ಮಕ್ಕಳಾ, ಸರಿ. ಆದ್ರೆ ಸಂಜೆ ಹೊತ್ತು ರಿಂಗ್ ರೋಡಿಂದ ಒಳಗೆ ತಿರುಗಿಸುವಾಗ ಎದುರಿನ ಬೈಕಿನವನಿಗೆ ಕಾಣುತ್ತಾ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡೋಕೆ ಸ್ವಲ್ಪ ಫಿಸಿಕ್ಸ್, ಸ್ವಲ್ಪ ಎಲೆಕ್ಟ್ರಿಕಲ್, ಸ್ವಲ್ಪ ಕಾನೂನು ಬೇಕು. ಅದನ್ನೆಲ್ಲ ಒಂದೊಂದಾಗಿ ನೋಡೋಣ ಬನ್ನಿ.

ಬಣ್ಣ ಎಲ್ಲಿಂದ ಬರುತ್ತೆ?

ಹಳೇ ಇಂಡಿಕೇಟರಿನಲ್ಲಿ ಬಲ್ಬ್ ಬಿಳಿ, ಗಾಜು ಕಿತ್ತಳೆ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಕಾದಾಗ ನೀಲಿಯಿಂದ ಕೆಂಪಿನವರೆಗೆ ಎಲ್ಲ ಬಣ್ಣವೂ ಹೊರಡುತ್ತೆ. ಕಿತ್ತಳೆ ಗಾಜು ಅದರಲ್ಲಿ ನೀಲಿ, ಹಸಿರು ಭಾಗವನ್ನು ಹೀರಿಕೊಂಡು ಹಳದಿ, ಕಿತ್ತಳೆ, ಕೆಂಪನ್ನು ಮಾತ್ರ ಹೊರಗೆ ಬಿಡುತ್ತೆ. ಗಾಜು ಬಣ್ಣ ಕೊಡಲ್ಲ, ಬೇಡದ ಬಣ್ಣವನ್ನು ತಡೆಯುತ್ತೆ. ಇಂಡಿಕೇಟರಿನ ಈ ಬಣ್ಣಕ್ಕೆ ಆಂಬರ್ ಅಂತ ಹೆಸರು. ಅದರ ತರಂಗಾಂತರ ಸುಮಾರು 590 ನ್ಯಾನೋಮೀಟರ್ ಆಸುಪಾಸಿನಲ್ಲಿರುತ್ತೆ.

ಈಗ ಗಾಜನ್ನು ಬಿಳಿ ಮಾಡಿದರೆ ಆ ಫಿಲ್ಟರ್ ಹೋಯಿತು ಅಂತ ಅರ್ಥ. ಒಳಗೆ ಹಳೇ ಬಿಳಿ ಬಲ್ಬನ್ನೇ ಬಿಟ್ಟರೆ ಬಿಳಿ ಬೆಳಕು ಮಿನುಗುತ್ತೆ. ಆದ್ದರಿಂದ ಗಾಜಿನಲ್ಲಿದ್ದ ಫಿಲ್ಟರನ್ನು ಬಲ್ಬಿಗೆ ಸಾಗಿಸಬೇಕು. ಕ್ಲಿಯರ್ ಲುಕ್‌ನ ಇಡೀ ಗುಟ್ಟು ಇಷ್ಟೇ: ಗಾಜು ಬದಲಾಯಿಸಿದ ದಿನವೇ ಬಲ್ಬನ್ನೂ ಬದಲಾಯಿಸಬೇಕು.

ಕಿತ್ತಳೆಯೇ ಯಾಕೆ?

ಬಿಳಿ ಮಿನುಗಿದರೆ ಏನಾಗುತ್ತೆ, ಮಿನುಗೋದು ಕಂಡರೆ ಸಾಲದಾ ಅಂತ ಕೇಳಬಹುದು. ಇದಕ್ಕೆ ಉತ್ತರ ಇತಿಹಾಸದಲ್ಲೇ ಇದೆ. ಅಮೆರಿಕದಲ್ಲಿ ಮುಂದಿನ ಇಂಡಿಕೇಟರ್ ಮೊದಲು ಬಿಳಿಯೇ ಇತ್ತು. ಅಲ್ಲಿ 1963ರ ಮಾಡೆಲ್‌ಗಳಿಂದ ಅದು ಆಂಬರ್ ಆಯಿತು. ಕಾರಣ ಸರಳ. ಹೆಡ್‌ಲೈಟ್ ಬಿಳಿ, ಬಂಪರಿನ ಕ್ರೋಮ್ ಮೇಲೆ ಬಿಸಿಲು ಬಿದ್ದರೆ ಅದೂ ಬಿಳಿ. ಈ ಬಿಳಿಗಳ ನಡುವೆ ಇನ್ನೊಂದು ಬಿಳಿ ಮಿನುಗಿದರೆ ಯಾರ ಕಣ್ಣಿಗೂ ಬೀಳಲ್ಲ.

ಹಿಂದಿನ ಇಂಡಿಕೇಟರ್ ಅಲ್ಲಿ ಈಗಲೂ ಕೆಂಪು ಇರಬಹುದು, ಆಂಬರ್ ಕೂಡ ಇರಬಹುದು. 2009ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಎರಡನ್ನೂ ಹೋಲಿಸಿ ನೋಡಿತು. ತಿರುಗುವಾಗ, ಲೇನ್ ಬದಲಿಸುವಾಗ ಹಿಂದಿನಿಂದ ಬಂದು ಗುದ್ದಿದ ಪ್ರಕರಣಗಳಲ್ಲಿ, ಕೆಂಪಿಗಿಂತ ಆಂಬರ್ ಇಂಡಿಕೇಟರ್ ಇರುವ ವಾಹನಗಳಿಗೆ ಅಪಘಾತ ಸುಮಾರು 5.3 ಶೇಕಡಾ ಕಡಿಮೆ ಅಂತ ಕಂಡುಬಂತು. ಬರೀ ಬಣ್ಣ ಬದಲಾದದ್ದಕ್ಕೆ ಇಷ್ಟು ಫರಕು!

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳು 1989 ಇವೆ. ಅದರ 102ನೇ ನಿಯಮದ ಪ್ರಕಾರ ಇಂಡಿಕೇಟರ್ ಆಂಬರ್ ಬಣ್ಣದಲ್ಲೇ ಇರಬೇಕು, ನಿಮಿಷಕ್ಕೆ 60ಕ್ಕಿಂತ ಕಡಿಮೆ ಇಲ್ಲದೆ, 120ಕ್ಕಿಂತ ಹೆಚ್ಚಿಲ್ಲದೆ ಮಿನುಗಬೇಕು. ಈ ಎರಡು ಸಂಖ್ಯೆ ನೆನಪಿಡಿ, ಮುಂದೆ ಬೇಕಾಗುತ್ತೆ.

ಯೋಚಿಸಿ ನೋಡಿದರೆ ಇಂಡಿಕೇಟರ್ ಅನ್ನೋದು ಒಂದು ಭಾಷೆ. ಕೆಂಪು ಅಂದ್ರೆ "ನಿಲ್ಲಿಸ್ತಿದೀನಿ", ಬಿಳಿ ಅಂದ್ರೆ "ಈ ಕಡೆ ಬರ್ತಿದೀನಿ", ಮಿನುಗುವ ಕಿತ್ತಳೆ ಅಂದ್ರೆ "ತಿರುಗ್ತಿದೀನಿ". ಎದುರಿಗೆ ಬರುವ ಆಟೋದವರಿಗೆ, ಸ್ಕೂಟರಿನವರಿಗೆ, ರಸ್ತೆ ದಾಟುವ ಅಜ್ಜಿಗೆ ನಮ್ಮ ಮನಸ್ಸಿನ ಮಾತು ತಿಳಿಯೋದು ಈ ಭಾಷೆಯಿಂದಲೇ. ನಮಗೆ ಚೆಂದ ಕಂಡಿತು ಅಂತ ಪದದ ಅರ್ಥ ಬದಲಾಯಿಸೋಕೆ ಆಗಲ್ಲ ಅಲ್ವಾ?

ಬಲ್ಬ್ ಆಯ್ಕೆ

ಅಂಗಡಿಯಲ್ಲಿ ಎರಡು ಬಲ್ಬ್ ಸಿಗುತ್ತೆ, ಎರಡೂ 12 ವೋಲ್ಟ್, 21 ವ್ಯಾಟ್. ಬಿಳಿ ಬಲ್ಬಿನ ಹೆಸರು ಪಿ21ಡಬ್ಲ್ಯೂ, ಆಂಬರ್ ಬಲ್ಬಿನ ಹೆಸರು ಪಿವೈ21ಡಬ್ಲ್ಯೂ. ಮಧ್ಯದ 'ವೈ' ಅಕ್ಷರವೇ ಹಳದಿ ಬಣ್ಣದ ಗುರುತು. ಬುಡದಲ್ಲಿ ಎರಡು ಸಣ್ಣ ಮೊಳೆಯಂಥ ಪಿನ್ ಇರುತ್ತೆ, ಹೋಲ್ಡರಿಗೆ ಒತ್ತಿ ತಿರುಗಿಸಿದರೆ ಕೂತುಕೊಳ್ಳುತ್ತೆ. ಬಿಳಿ ಬಲ್ಬಿನಲ್ಲಿ ಈ ಪಿನ್‌ಗಳು ನೇರ ಎದುರುಬದುರು, ಅಂದ್ರೆ 180 ಡಿಗ್ರಿ. ಆಂಬರ್ ಬಲ್ಬಿನಲ್ಲಿ 150 ಡಿಗ್ರಿ. ಹೀಗಾಗಿ ಒಂದರ ಹೋಲ್ಡರಿಗೆ ಇನ್ನೊಂದು ಕೂರಲ್ಲ.

ಇದು ಬೇಕಂತಲೇ ಮಾಡಿದ್ದು. ಕ್ಲಿಯರ್ ಗಾಜಿನ ಹಿಂದೆ ಯಾರೂ ಬಿಳಿ ಬಲ್ಬ್ ಹಾಕಬಾರದು ಅಂತ ಪಿನ್ ಕೋನವನ್ನೇ ಬೇರೆ ಮಾಡಿದ್ದಾರೆ. ಮೆಕ್ಯಾನಿಕಲ್ ಬ್ರ್ಯಾಂಚಿನವರು ಪೋಕಾ ಯೋಕೆ ಅಂತ ಓದಿರ್ತೀರಿ, ತಪ್ಪು ಮಾಡೋಕೇ ಆಗದ ಹಾಗೆ ಮಾಡುವ ಡಿಸೈನ್. ಅದಕ್ಕೆ ಇದಕ್ಕಿಂತ ಅಗ್ಗದ ಉದಾಹರಣೆ ಸಿಗಲ್ಲ. ಹಳೇ ಹೋಲ್ಡರಿಗೆ ಹೊಸ ಬಲ್ಬ್ ಕೂರ್ತಿಲ್ಲ ಅಂತ ಕೆಲವರು ಪಿನ್ನನ್ನು ಅರದಿಂದ ಉಜ್ಜಿ ತೆಗೀತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗುಂಡಿ ಬಿದ್ದ ರಸ್ತೆಯಲ್ಲಿ ಬಲ್ಬ್ ಸಡಿಲವಾಗಿ ಕಾಂಟ್ಯಾಕ್ಟ್ ತಪ್ಪುತ್ತೆ. ಹೋಲ್ಡರ್ ಸಮೇತ ಬರುವ ಕ್ಲಿಯರ್ ಸೆಟ್ ತಗೊಳ್ಳಿ, ಇಲ್ಲವೇ ಹೋಲ್ಡರ್ ಬದಲಾಯಿಸಿ.

ಬೆಳಕಿನ ಲೆಕ್ಕವನ್ನೂ ನೋಡೋಣ. ಸ್ಟ್ಯಾಂಡರ್ಡ್ ಪ್ರಕಾರ ಬಿಳಿ ಬಲ್ಬ್ ಕೊಡೋದು ಸುಮಾರು 460 ಲುಮೆನ್, ಆಂಬರ್ ಬಲ್ಬ್ ಸುಮಾರು 280 ಲುಮೆನ್. ಅಂದ್ರೆ 61 ಶೇಕಡಾ ಮಾತ್ರ ಹೊರಗೆ ಬರುತ್ತೆ, ಉಳಿದದ್ದು ಬಣ್ಣದ ಗಾಜಿನಲ್ಲೇ ಬಿಸಿಯಾಗಿ ಹೋಗುತ್ತೆ. ಗಾಬರಿ ಬೇಡ, ಮೊದಲು ಈ ನಷ್ಟ ಹೊರಗಿನ ಕಿತ್ತಳೆ ಗಾಜಿನಲ್ಲಿ ಆಗ್ತಿತ್ತು, ಈಗ ಬಲ್ಬಿನಲ್ಲಿ ಆಗುತ್ತೆ. ಕಿತ್ತಳೆ ಗಾಜಿನ ಹಿಂದೆ ಕಿತ್ತಳೆ ಬಲ್ಬ್ ಹಾಕಿದರೆ ಮಾತ್ರ ಎರಡು ಸಲ ಫಿಲ್ಟರ್ ಆಗಿ ಬೆಳಕು ಇನ್ನೂ ಕುಗ್ಗುತ್ತೆ.

ಇನ್ನೊಂದು ಸಣ್ಣ ತಲೆನೋವಿದೆ. ಬಿಳಿ ಗಾಜಿನ ಹಿಂದೆ ಕಿತ್ತಳೆ ಬಲ್ಬ್ ಇದ್ದರೆ ಅದರ ಬಣ್ಣ ಹೊಳೆಯುವ ರಿಫ್ಲೆಕ್ಟರಿನಲ್ಲೆಲ್ಲ ಪ್ರತಿಬಿಂಬಿಸಿ, ಬುಲ್ಸ್ ಐ ಮೊಟ್ಟೆಯ ಹಳದಿ ಭಾಗದ ಹಾಗೆ ಕಾಣುತ್ತೆ. ಇಷ್ಟೆಲ್ಲ ಮಾಡಿ ಕ್ಲಿಯರ್ ಲುಕ್ ಬರಲಿಲ್ಲವಲ್ಲ ಅಂತ ಬೇಜಾರಾಗೋದು ಇಲ್ಲೇ. ಇದಕ್ಕೆ ಬೆಳ್ಳಿ ಬಣ್ಣದ ತೆಳು ಲೇಪನ ಇರುವ ಬಲ್ಬ್ ಬರುತ್ತೆ. ಆರಿದ್ದಾಗ ಕನ್ನಡಿ ಥರ, ಹೊತ್ತಿದಾಗ ಆಂಬರ್. ಬೆಲೆ ಸ್ವಲ್ಪ ಹೆಚ್ಚು. ಬಿಳಿ ಬಲ್ಬಿಗೆ ಮೇಲಿಂದ ಬಣ್ಣ ಬಳಿದ ಅಗ್ಗದ ಬಲ್ಬಿನಿಂದ ದೂರ ಇರಿ. ಬಿಸಿಗೆ ಬಣ್ಣ ಸಿಪ್ಪೆ ಏಳುತ್ತೆ, ಒಂದು ದಿನ ನಿಮಗೆ ಗೊತ್ತಿಲ್ಲದ ಹಾಗೆ ಬಿಳಿ ಬೆಳಕು ಮಿನುಗೋಕೆ ಶುರುವಾಗುತ್ತೆ.

ಕೆಲಸದ ಹೆಜ್ಜೆಗಳು

1. ಗಾಜು ಕೊಳ್ಳುವ ಮೊದಲು ಅದರ ಒಳಮೈ ನೋಡಿ. ಹಳೇ ಇಂಡಿಕೇಟರ್ ಗಾಜಿನಲ್ಲಿ ಸಾಲು ಸಾಲು ಗೆರೆ, ಉಬ್ಬು ಇರುತ್ತೆ. ಅದು ಅಲಂಕಾರಕ್ಕಲ್ಲ, ಬೆಳಕನ್ನು ಅಕ್ಕಪಕ್ಕಕ್ಕೆ ಹರಡುವ ಪ್ರಿಸ್ಮ್ ಅದು. ರಿಫ್ಲೆಕ್ಟರೇ ಆ ಕೆಲಸ ಮಾಡುವ ಹಾಗೆ ಮಾಡಿದ ದೀಪಗಳಿಗೆ ಮಾತ್ರ ಪೂರ್ತಿ ನುಣುಪು ಗಾಜು ಸರಿ. ಹಳೇ ಬಟ್ಟಲಿಗೆ ಬರೀ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅಂಟಿಸಿದರೆ ನೇರ ಎದುರಿಗೆ ಬೆಳಕು ಕಾಣುತ್ತೆ, ಓರೆಯಿಂದ ಬರುವ ಬೈಕಿನವರಿಗೆ ಕಾಣಲ್ಲ. ಅದೇ ಮಾಡೆಲ್‌ಗೆ ಅಂತ ಮಾಡಿದ ಕ್ಲಿಯರ್ ಸೆಟ್ಟನ್ನೇ ತಗೊಳ್ಳಿ.

2. ಇಂಜಿನ್ ಆಫ್ ಮಾಡಿ, ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಹೊತ್ತಿದ್ದ ಬಲ್ಬ್ ಆದ್ರೆ ಆರೋವರೆಗೆ ಕಾಯಿರಿ.

3. ಇಂಡಿಕೇಟರ್ ಬಟ್ಟಲನ್ನು ಹೊರಗೆ ತೆಗೆಯಿರಿ. ಕೆಲವು ಕಾರಿನಲ್ಲಿ ಹೊರಗಿನಿಂದಲೇ ಸ್ಕ್ರೂ, ಕೆಲವದರಲ್ಲಿ ಬಾನೆಟ್ ಒಳಗಿನಿಂದ, ಕೆಲವದರಲ್ಲಿ ಬರೀ ಕ್ಲಿಪ್. ಹಳೇ ಪ್ಲಾಸ್ಟಿಕ್ ಬಿಸಿಲಿಗೆ ಬಿರುಸಾಗಿರುತ್ತೆ, ಜೋರು ಮಾಡಿದರೆ ಕಿವಿ ಮುರಿಯುತ್ತೆ.

4. ಹೋಲ್ಡರಿನ ಒಳಗೆ ಹಸಿರು ಕಿಲುಬು ಇದ್ದರೆ ಮರಳು ಕಾಗದದಿಂದ ಉಜ್ಜಿ. ಎಷ್ಟೋ ಹಳೇ ಕಾರುಗಳ ಇಂಡಿಕೇಟರ್ ಮಂಕಾಗಿರೋದು ಈ ಕಿಲುಬಿನಿಂದ, ಇಲ್ಲವೇ ಅರ್ಥಿಂಗ್ ಸರಿ ಇಲ್ಲದ್ದರಿಂದ.

5. ಹೊಸ ಬಲ್ಬನ್ನು ಬಟ್ಟೆಯಲ್ಲಿ ಹಿಡಿದು ಒತ್ತಿ ತಿರುಗಿಸಿ ಕೂರಿಸಿ.

6. ರಬ್ಬರ್ ಗ್ಯಾಸ್ಕೆಟ್ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಬಟ್ಟಲಿನ ಕೆಳಗೆ ಸಣ್ಣ ತೂತು ಇದ್ದರೆ ಮುಚ್ಚಬೇಡಿ, ಒಳಗೆ ಸೇರಿದ ನೀರು ಹೊರಗೆ ಹೋಗೋ ದಾರಿ ಅದು.

7. ಗಾಜು ಒರೆಸೋಕೆ ಸೋಪಿನ ನೀರು ಸಾಕು. ಪೆಟ್ರೋಲ್, ಥಿನ್ನರ್ ತಾಗಿಸಿದರೆ ಪ್ಲಾಸ್ಟಿಕ್ ಮಬ್ಬಾಗುತ್ತೆ, ಕೂದಲೆಳೆ ಬಿರುಕು ಬೀಳುತ್ತೆ.

8. ಬ್ಯಾಟರಿ ಟರ್ಮಿನಲ್ ವಾಪಸ್ ಹಾಕಿ ಎಡ, ಬಲ ಬೇರೆ ಬೇರೆಯಾಗಿ ಪರೀಕ್ಷಿಸಿ.

ಎಲ್‌ಇಡಿ ಹಾಕ್ಲೇಬೇಕು ಅನ್ನೋರಿಗೆ

ಇಲ್ಲಿವರೆಗೆ ಸುಲಭ. ಎಲ್‌ಇಡಿ ಹಾಕಿದ ತಕ್ಷಣ ಇಂಡಿಕೇಟರ್ ಟಕಟಕ ಅಂತ ಎರಡು ಪಟ್ಟು ವೇಗದಲ್ಲಿ ಹೊಡೆದುಕೊಳ್ಳೋಕೆ ಶುರು ಮಾಡಬಹುದು. ಎಲ್‌ಇಡಿ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ, ಮೊದಲು ಓಮ್‌ನ ನಿಯಮ ಹಾಕಿ ನೋಡಿ.

ಒಂದು ಬದಿಯಲ್ಲಿ ಮುಂದೆ 21 ವ್ಯಾಟ್, ಹಿಂದೆ 21 ವ್ಯಾಟ್, ಪಕ್ಕದಲ್ಲಿ 5 ವ್ಯಾಟ್ ಇದೆ ಅಂದುಕೊಳ್ಳಿ. ಒಟ್ಟು 47 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 3.9 ಆಂಪಿಯರ್. ಈಗ ಮುಂದಿನ ಬಲ್ಬಿನ ಜಾಗದಲ್ಲಿ 3 ವ್ಯಾಟಿನ ಎಲ್‌ಇಡಿ ಬಂತು. ಒಟ್ಟು 29 ವ್ಯಾಟ್, ಕರೆಂಟ್ ಸುಮಾರು 2.4 ಆಂಪಿಯರ್. ಎಲೆಕ್ಟ್ರಾನಿಕ್ ಫ್ಲ್ಯಾಷರ್ ರಿಲೇ ಒಳಗೆ ಒಂದು ಚಿಕ್ಕ ಶಂಟ್ ರೆಸಿಸ್ಟರ್ ಇರುತ್ತೆ, ಅದರ ಮೇಲಿನ ವೋಲ್ಟೇಜ್ ನೋಡಿ ಅದು ಕರೆಂಟ್ ಎಷ್ಟಿದೆ ಅಂತ ತಿಳಿದುಕೊಳ್ಳುತ್ತೆ. ಕರೆಂಟ್ ಇಷ್ಟು ಇಳಿದರೆ ಅದರ ಪಾಲಿಗೆ ಒಂದೇ ಅರ್ಥ: ಬಲ್ಬ್ ಹೋಗಿದೆ. ಡ್ರೈವರಿಗೆ ತಿಳಿಯಲಿ ಅಂತ ವೇಗ ಹೆಚ್ಚಿಸುತ್ತೆ. ಇದೇ ಹೈಪರ್ ಫ್ಲ್ಯಾಷ್. ಬಿಸಿಗೆ ಬಾಗುವ ಲೋಹದ ಪಟ್ಟಿಯ ಹಳೇ ಥರ್ಮಲ್ ಫ್ಲ್ಯಾಷರಿನಲ್ಲಿ ಇದಕ್ಕೆ ಉಲ್ಟಾ ಆಗುತ್ತೆ. ಕರೆಂಟ್ ಕಡಿಮೆಯಾದರೆ ಪಟ್ಟಿ ಬೇಗ ಕಾಯಲ್ಲ, ಮಿನುಗು ನಿಧಾನವಾಗುತ್ತೆ, ಇಲ್ಲವೇ ನಿಂತೇ ಹೋಗುತ್ತೆ.

ಎರಡೂ ಸಂದರ್ಭದಲ್ಲಿ ನಿಮಿಷಕ್ಕೆ 60ರಿಂದ 120 ಅನ್ನೋ ಮಿತಿ ದಾಟುವ ಸಾಧ್ಯತೆ ಇದೆ. ಪರಿಹಾರ ಎರಡು.

ಮೊದಲನೆಯದು ಲೋಡ್ ರೆಸಿಸ್ಟರ್. 21 ವ್ಯಾಟ್ ಬಲ್ಬಿನ ರೋಧ ಎಷ್ಟು? ವೋಲ್ಟೇಜಿನ ವರ್ಗ 144, ಅದನ್ನು 21ರಿಂದ ಭಾಗಿಸಿದರೆ ಸುಮಾರು 6.9 ಓಮ್. ಅದಕ್ಕೇ ಮಾರ್ಕೆಟಿನಲ್ಲಿ 6 ಓಮ್, 50 ವ್ಯಾಟ್ ಅಂತ ಬರೆದ ಚಿನ್ನದ ಬಣ್ಣದ ರೆಸಿಸ್ಟರ್ ಮಾರ್ತಾರೆ. ಅದನ್ನು ಎಲ್‌ಇಡಿಗೆ ಪ್ಯಾರಲಲ್ ಆಗಿ ಜೋಡಿಸಬೇಕು, ಸೀರೀಸ್ ಅಲ್ಲ. ಅಂದಹಾಗೆ, ಬಲ್ಬಿನ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆದು 6.9 ಬರಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ತಣ್ಣಗಿರುವ ಟಂಗ್‌ಸ್ಟನ್‌ನ ರೋಧ ಕಾದಾಗಿನ ರೋಧದ ಹತ್ತನೇ ಒಂದು ಭಾಗದ ಆಸುಪಾಸು, ಅಥವಾ ಇನ್ನೂ ಕಡಿಮೆ ಇರುತ್ತೆ.

ಈ ರೆಸಿಸ್ಟರ್ ಎಷ್ಟು ಕಾಯುತ್ತೆ ಅಂತ ಲೆಕ್ಕ ಹಾಕಿ. ಇಂಜಿನ್ ಓಡುವಾಗ ಸುಮಾರು 14 ವೋಲ್ಟ್ ಇರುತ್ತೆ. 14ರ ವರ್ಗ 196, 6ರಿಂದ ಭಾಗಿಸಿದರೆ ಸುಮಾರು 32.7 ವ್ಯಾಟ್. ಮಿನುಗಿನಲ್ಲಿ ಅರ್ಧ ಸಮಯ ಆನ್ ಅಂದುಕೊಂಡರೂ ಸರಾಸರಿ 16 ವ್ಯಾಟ್. ನಾವು ಲ್ಯಾಬಿನಲ್ಲಿ ಬಳಸುವ 25 ವ್ಯಾಟಿನ ಸೋಲ್ಡರಿಂಗ್ ಐರನ್ ನೆನಪಿಸಿಕೊಳ್ಳಿ, ಎಷ್ಟು ಬಿಸಿ ಅಂತ ಅರ್ಥವಾಗುತ್ತೆ. ಆದ್ದರಿಂದ ಇದನ್ನು ಬಾಡಿಯ ಲೋಹಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕು. ಪ್ಲಾಸ್ಟಿಕ್ ಬಂಪರಿಗೆ, ವೈರಿನ ಕಟ್ಟಿಗೆ ಟೇಪ್ ಸುತ್ತಿ ಬಿಟ್ಟರೆ ಇನ್ಸುಲೇಷನ್ ಕರಗುತ್ತೆ, ಶಾರ್ಟ್ ಆಗುತ್ತೆ. ತಮಾಷೆ ಏನಂದ್ರೆ, ಎಲ್‌ಇಡಿಯಿಂದ ಉಳಿಸಿದ ಕರೆಂಟನ್ನೆಲ್ಲ ಈ ರೆಸಿಸ್ಟರ್ ಬಿಸಿ ಮಾಡಿ ಕಳೆಯುತ್ತೆ!

ಎರಡನೆಯದು ಎಲ್‌ಇಡಿಗೆ ಹೊಂದುವ ಫ್ಲ್ಯಾಷರ್ ರಿಲೇ. ಇದು ಕರೆಂಟ್ ನೋಡದೆ ಒಂದೇ ಲಯದಲ್ಲಿ ಮಿನುಗಿಸುತ್ತೆ. ಬಿಸಿಯ ಕಾಟ ಇಲ್ಲ. ಆದರೆ ನಿಜವಾಗಲೂ ಬಲ್ಬ್ ಹೋದಾಗ ಇದು ಎಚ್ಚರಿಸಲ್ಲ. ಹಾಗಾಗಿ ವಾರಕ್ಕೊಮ್ಮೆ ನೀವೇ ಸುತ್ತು ಹಾಕಿ ನೋಡಬೇಕು.

ಎಲ್‌ಇಡಿಯ ಬಣ್ಣದಲ್ಲೂ ಎಚ್ಚರ ಬೇಕು. ಬಿಳಿ ಎಲ್‌ಇಡಿ ಅಂದ್ರೆ ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್. ಅದರ ಬೆಳಕಿನಲ್ಲಿ ನೀಲಿಯ ಪಾಲು ದೊಡ್ಡದು, ಕಿತ್ತಳೆ ಗಾಜಿನ ಹಿಂದೆ ಹಾಕಿದರೆ ಆ ನೀಲಿಯೆಲ್ಲ ವ್ಯರ್ಥ. ಕ್ಲಿಯರ್ ಗಾಜಿನ ಹಿಂದಂತೂ ಆಂಬರ್ ಎಲ್‌ಇಡಿ ಬಿಟ್ಟು ಬೇರೆ ಮಾತೇ ಇಲ್ಲ. ಜೊತೆಗೆ, ರಿಫ್ಲೆಕ್ಟರ್ ಬಟ್ಟಲನ್ನು ತಂತಿ ಇರುವ ಜಾಗದ ಮೇಲೆ ಲೆಕ್ಕ ಹಾಕಿ ಮಾಡಿರ್ತಾರೆ. ಎಲ್‌ಇಡಿಯ ಚಿಪ್ಪುಗಳು ಬೇರೆ ಜಾಗದಲ್ಲಿದ್ದರೆ ಹತ್ತಿರದಿಂದ ಕಣ್ಣು ಕುಕ್ಕುವಷ್ಟು ಪ್ರಖರ, ದೂರದಿಂದ ಮಂಕು ಆಗಬಹುದು. ಇಷ್ಟೆಲ್ಲ ನೋಡಿ ನಾವು ಆ 800ಗೆ ಆರಿಸಿದ್ದು ಬೆಳ್ಳಿ ಲೇಪನದ ಮಾಮೂಲಿ ಬಲ್ಬನ್ನೇ.

ಹಿಂದಿನ ದೀಪ: ಕೆಂಪು ಪಟ್ಟಿ ಮರೀಬೇಡಿ

1998ರಲ್ಲಿ ಜಪಾನಿನಲ್ಲಿ ಬಂದ ಟೊಯೋಟಾ ಆಲ್ಟೆಜಾ ಕಾರಿನಿಂದ ಹಿಂದಿನ ದೀಪಕ್ಕೂ ಕ್ಲಿಯರ್ ಗಾಜು ಹಾಕುವ ಫ್ಯಾಷನ್ ಜಗತ್ತಿಗೆಲ್ಲ ಹಬ್ಬಿತು. ಅದರಲ್ಲಿ ಹೊರಗಿನ ಗಾಜು ಬಿಳಿ, ಒಳಗಿನ ದುಂಡು ದೀಪಗಳು ಬಣ್ಣದವು. ಆದರೆ ಅದನ್ನು ಅನುಕರಿಸಿ ಮಾಡಿದ ಅಗ್ಗದ ಸೆಟ್‌ಗಳಲ್ಲಿ ಕೆಂಪು ರಿಫ್ಲೆಕ್ಟರ್ ಪಟ್ಟಿಯೇ ಇಲ್ಲದೆ ಇರಬಹುದು.

ಇದು ಸಣ್ಣ ವಿಷಯ ಅಲ್ಲ. ಈ ಪಟ್ಟಿಗೆ ಬಲ್ಬ್ ಬೇಡ, ಬ್ಯಾಟರಿ ಬೇಡ. ಹಿಂದಿನಿಂದ ಬಂದ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತೆ. ರಾಜೀವನಗರದ ಅಡ್ಡರಸ್ತೆಗಳಲ್ಲಿ, ಅಲ್ಲಿ ಮಾತ್ರ ಏನು, ನಮ್ಮ ಎಲ್ಲರ ಬೀದಿಗಳಲ್ಲೂ ರಾತ್ರಿ ಕಾರು ನಿಲ್ಲೋದು ಮನೆ ಮುಂದಿನ ರಸ್ತೆಯಲ್ಲೇ. ಕರೆಂಟ್ ಹೋದಾಗ ನಿಂತ ಕಾರನ್ನು ಬೈಕಿನವರಿಗೆ ತೋರಿಸೋದು ಈ ಎರಡು ಕೆಂಪು ಪಟ್ಟಿಗಳು ಮಾತ್ರ. ಕ್ಲಿಯರ್ ಸೆಟ್‌ನಲ್ಲಿ ಇಲ್ಲದಿದ್ದರೆ ಬೇರೆ ಕೆಂಪು ರಿಫ್ಲೆಕ್ಟರ್ ಕೊಂಡು ಬಂಪರಿಗೆ ಹಾಕಿ.

ಪರೀಕ್ಷೆ ಮಾಡೋದು ಹೇಗೆ?

ವೇಗಕ್ಕೆ ಮೊಬೈಲಿನ ಸ್ಟಾಪ್‌ವಾಚ್ ಸಾಕು. ಎಡ ಇಂಡಿಕೇಟರ್ ಹಾಕಿ 10 ಸೆಕೆಂಡ್ ಎಣಿಸಿ. 10ರಿಂದ 20ರೊಳಗೆ ಬಂದರೆ ಸರಿ. ಆಮೇಲೆ ಬಲ. ನಾಲ್ಕೂ ಒಟ್ಟಿಗೆ ಮಿನುಗುವ ಹಜಾರ್ಡ್ ಸ್ವಿಚ್ ಒಂದನ್ನೇ ಹಾಕಿ ತೃಪ್ತಿಪಡಬೇಡಿ. ಅದರಲ್ಲಿ ಎರಡೂ ಬದಿಯ ಲೋಡ್ ಸೇರುವುದರಿಂದ ಒಂದು ಬದಿಯ ತೊಂದರೆ ಮುಚ್ಚಿಹೋಗಬಹುದು.

ಕಾಣೋದಕ್ಕೆ ಸ್ಟಾಪ್‌ವಾಚ್ ಸಾಲದು, ಗೆಳೆಯರು ಬೇಕು. ಒಬ್ಬರು ಕಾರಿನಲ್ಲಿ ಕೂತು ಹೆಡ್‌ಲೈಟ್ ಹಾಕಲಿ. ಇನ್ನೊಬ್ಬರು ಸುಮಾರು 50 ಮೀಟರ್ ದೂರ ನಡೆದು, ಮೊದಲು ನೇರ ಎದುರಿಗೆ, ಆಮೇಲೆ ಎರಡೂ ಓರೆಯಿಂದ ನೋಡಲಿ. ಗಂಟೆಗೆ 40 ಕಿಲೋಮೀಟರ್ ವೇಗದ ಬೈಕ್ ಸೆಕೆಂಡಿಗೆ 11 ಮೀಟರ್ ಸಾಗುತ್ತೆ, ಆ 50 ಮೀಟರ್ ಮುಗಿಯೋಕೆ ಐದು ಸೆಕೆಂಡ್ ಕೂಡ ಇಲ್ಲ. ಅಷ್ಟರಲ್ಲಿ ನಿಮ್ಮ ಇಂಡಿಕೇಟರ್ ಕಂಡು, ಅರ್ಥವಾಗಿ, ಬ್ರೇಕ್ ಬೀಳಬೇಕು. ಇದನ್ನು ಮೂರು ಹೊತ್ತು ಮಾಡಿ: ಕತ್ತಲಲ್ಲಿ, ಮಟಮಟ ಮಧ್ಯಾಹ್ನ, ಮತ್ತೆ ಸಂಜೆಯ ಓರೆ ಬಿಸಿಲು ನೇರ ಗಾಜಿಗೆ ಬೀಳುವಾಗ. ಕಷ್ಟದ್ದು ಮೂರನೆಯದು. ಕಿತ್ತಳೆ ಗಾಜಾದರೆ ಆ ಬಿಸಿಲಿಗೆ ಆರಿದ್ದರೂ ಹೊತ್ತಿದ ಹಾಗೆ ಕಾಣುತ್ತೆ, ಬಿಳಿ ಗಾಜಾದರೆ ಹೊತ್ತಿದ್ದರೂ ಪ್ರತಿಫಲನದಲ್ಲಿ ಮುಳುಗಬಹುದು. ಆ ಹೊತ್ತಿನಲ್ಲಿ ಆನ್, ಆಫ್ ವ್ಯತ್ಯಾಸ ಸ್ಪಷ್ಟವಾಗಿ ಕಂಡರೆ ನಿಮ್ಮ ಕೆಲಸ ಪಾಸ್. ಕಾಣದಿದ್ದರೆ ಹಳೇ ಗಾಜು ವಾಪಸ್ ಹಾಕಿ. ಅದಕ್ಕೇ ಹಳೇ ಸೆಟ್ಟನ್ನು ಗುಜರಿಗೆ ಹಾಕದೆ ಎತ್ತಿಡಿ.

ಕಾನೂನಿನ ಒಂದು ಮಾತು

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ವಾಹನದ ಮಾರ್ಪಾಡಿನ ಬಗ್ಗೆ ಹೇಳುತ್ತೆ. ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನ ಬದಲಾಯಿಸಬಾರದು ಅನ್ನೋದು ಅದರ ಸಾರ. ಆರ್‌ಸಿಯಲ್ಲಿ ಇಂಡಿಕೇಟರ್ ಗಾಜಿನ ಬಣ್ಣ ಬರೆದಿರಲ್ಲ ನಿಜ. ಆದರೆ ಹೊರಗೆ ಬರುವ ಬೆಳಕಿನ ಬಣ್ಣ, ಮಿನುಗಿನ ವೇಗ ಎರಡಕ್ಕೂ 102ನೇ ನಿಯಮ ಇದ್ದೇ ಇದೆ. ನೀಲಿ, ನೇರಳೆ, ಓಡಾಡುವ ಬಿಳಿ ಪಟ್ಟಿ, ಇವಕ್ಕೆಲ್ಲ ಅಲ್ಲಿ ಜಾಗ ಇಲ್ಲ. ವಾರಂಟಿ ಇರುವ ಹೊಸ ಕಾರಿನ ವೈರಿಂಗ್‌ಗೆ ಮನೆಯಲ್ಲಿ ಕೈ ಹಾಕದೇ ಇರೋದೇ ಒಳ್ಳೆಯದು. ಅವುಗಳಲ್ಲಿ ಇಂಡಿಕೇಟರನ್ನು ನೋಡಿಕೊಳ್ಳೋದು ಕಂಪ್ಯೂಟರ್, ರಿಲೇ ಬದಲಾಯಿಸಿದಷ್ಟು ಸುಲಭ ಅಲ್ಲ.

ಮಾಡಿಫಿಕೇಷನ್ ಅಂದ್ರೆ ತಪ್ಪು ಅಂತ ನಾವು ಹೇಳಲ್ಲ. ಬಿಚ್ಚಿ ನೋಡದೆ ಇಂಜಿನಿಯರ್ ಆಗೋದು ಕಷ್ಟ. ಆದರೆ ಕಾರಿನ ಬೇರೆ ಭಾಗಗಳು ನಮಗಾಗಿ ಇದ್ದರೆ, ಇಂಡಿಕೇಟರ್ ಇರೋದು ಪೂರ್ತಿ ಬೇರೆಯವರಿಗಾಗಿ. ಒಳಗೆ ಕೂತ ನಮಗೆ ಅದು ಕಾಣೋದೂ ಇಲ್ಲ. ಹಾಗಾಗಿ ಅದನ್ನು ಬದಲಾಯಿಸಿದಾಗ "ಚೆನ್ನಾಗಿದೆಯಾ?" ಅಂತ ಕನ್ನಡಿಯನ್ನು ಕೇಳೋದಲ್ಲ, "ಕಾಣ್ತಿದೆಯಾ?" ಅಂತ ಎದುರಿನವರನ್ನು ಕೇಳಬೇಕು. ಈ ಭಾನುವಾರ ನಿಮ್ಮ ಮನೆಯ ಕಾರು, ಬೈಕು ಯಾವುದಾದರೂ ಸರಿ, ಒಂದು ಸಲ 10 ಸೆಕೆಂಡ್ ಎಣಿಸಿ ನೋಡಿ. ಏನಂತೀರಾ?